ಚಿಪ್ಪು ಅಣಬೆ ಬೆಳೆದ ಹಳೇ ಹುಲ್ಲಿನಿಂದ ಲಾಕೇಸ್ ತೆಗೆದು ಎಸ್‌ಟಿಪಿ ನೀರಿಗೆ ಹಾಕಬಹುದಾ?

ಕೆರೆಕೋಡಿ:
ಅಪಾರ್ಟ್‌ಮೆಂಟ್ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ದಿನಕ್ಕೆ ಒಂದು ಲಕ್ಷ ಲೀಟರ್. ಏರೇಶನ್, ಸೆಟ್ಲಿಂಗ್, ಮರಳು ಫಿಲ್ಟರ್, ಕಾರ್ಬನ್ ಫಿಲ್ಟರ್, ಕೊನೆಗೆ ಕ್ಲೋರಿನ್. ಬಿಒಡಿ (ಕೊಳೆಯೋ ಸಾವಯವ ಕಸದ ಅಳತೆ), ಟಿಎಸ್‌ಎಸ್ (ತೇಲುಕಣ) ಎಲ್ಲ ಮಿತಿಯೊಳಗೇ ಇವೆ. ಆದರೆ ಗರ್ಭನಿರೋಧಕ ಮಾತ್ರೆಯ ಎಥಿನೈಲ್ ಎಸ್ಟ್ರಾಡಯಾಲ್, ಪ್ಲಾಸ್ಟಿಕ್‌ನ ಬಿಸ್ಫಿನಾಲ್-ಎ, ಸೋಪಿನ ಟ್ರೈಕ್ಲೋಸಾನ್ ಇಂಥ ಹಾರ್ಮೋನ್ ಕೆಡಿಸೋ ವಸ್ತುಗಳನ್ನು ಯಾವ ರಿಪೋರ್ಟಿನಲ್ಲೂ ಅಳೆಯೋದಿಲ್ಲ. ಉಳಿದ ನೀರು ರಾಜಕಾಲುವೆಗೆ ಹೋಗುತ್ತೆ.

ಮರ ಕೊಳೆಸುವ ಅಣಬೆಗಳ ಲಾಕೇಸ್ ಕಿಣ್ವ ಇವನ್ನು ಒಡೆಯುತ್ತೆ ಅಂತ ಓದಿದೆ. ಹತ್ತಿರದ ಅಣಬೆ ಘಟಕದಲ್ಲಿ ಬೆಳೆ ಮುಗಿದ ಹುಲ್ಲು ಪುಕ್ಕಟೆ ಸಿಗುತ್ತೆ. ಕಿಣ್ವ ತೆಗೆಯೋದು ಹೇಗೆ, ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು? ತಿಳಿದವರು ಹೇಳಿ.

ಪಿಪೆಟ್ಟು:
ಮೊದಲು ಒಂದು ತಿದ್ದುಪಡಿ. ಲಾಕೇಸ್ ಇವನ್ನು "ಒಡೆಯೋದಿಲ್ಲ", ಬಹುಪಾಲು ಅಂಟಿಸುತ್ತೆ. ಕಿಣ್ವದ ಒಳಗೆ ನಾಲ್ಕು ತಾಮ್ರದ ಪರಮಾಣು ಇವೆ. ಫಿನಾಲ್ ಗುಂಪಿನಿಂದ (ಬೆಂಜೀನ್ ಉಂಗುರಕ್ಕೆ ಅಂಟಿದ ಒಎಚ್) ಒಂದೊಂದೇ ಎಲೆಕ್ಟ್ರಾನ್ ಕಿತ್ತು, ನಾಲ್ಕು ಕೂಡಿದ ಮೇಲೆ ಒಂದು ಆಮ್ಲಜನಕದ ಅಣುವನ್ನು ನೀರು ಮಾಡುತ್ತೆ. ಎಲೆಕ್ಟ್ರಾನ್ ಕಳೆದುಕೊಂಡ ಫಿನಾಲ್ ರ‍್ಯಾಡಿಕಲ್‌ಗಳು ಒಂದಕ್ಕೊಂದು ಕೂಡಿಕೊಂಡು ಎರಡರ, ಮೂರರ ಜೋಡಿಯಾಗಿ ಕೊನೆಗೆ ಕಂದು ಗಷ್ಟಾಗಿ ತಳಕ್ಕಿಳಿಯುತ್ತವೆ. ಹಾರ್ಮೋನ್ ಗ್ರಾಹಕಕ್ಕೆ ಕೂರೋ ಆಕಾರ ಹೋಗುತ್ತೆ, ಅಷ್ಟೇ ನಮಗೆ ಬೇಕಾದ್ದು.

ಹಾಗಾಗಿ ಅಣುವಿನಲ್ಲಿ ತೆರೆದ ಫಿನಾಲ್ ಗುಂಪು ಇದ್ದರೆ ಮಾತ್ರ ಸಲೀಸು. ಬಿಸ್ಫಿನಾಲ್-ಎ, ನೋನೈಲ್‌ಫಿನಾಲ್, ಎಸ್ಟ್ರೋನ್, ಎಸ್ಟ್ರಾಡಯಾಲ್, ಎಥಿನೈಲ್ ಎಸ್ಟ್ರಾಡಯಾಲ್ ಎಲ್ಲ ಈ ಸಾಲಿನವು. ಟ್ರೈಕ್ಲೋಸಾನ್ ಕ್ಲೋರಿನ್ ಹೊತ್ತಿರೋದರಿಂದ ನಿಧಾನ. ಪ್ಲಾಸ್ಟಿಕ್ ಮೆದು ಮಾಡೋ ಥ್ಯಾಲೇಟ್‌ಗಳಿಗೆ ಫಿನಾಲ್ ಗುಂಪೇ ಇಲ್ಲ, ಲಾಕೇಸ್ ಅವನ್ನು ಮೂಸಿಯೂ ನೋಡಲ್ಲ.

ಹುಲ್ಲುಮನೆ:
ಹುಲ್ಲು ತರೋ ಮುಂಚೆ ಘಟಕದವರನ್ನು ಒಂದು ಮಾತು ಕೇಳಿ: ಹುಲ್ಲನ್ನು ಕುದಿಸಿ ಹದ ಮಾಡ್ತಾರಾ, ಔಷಧಿಯಲ್ಲಿ ನೆನೆಸ್ತಾರಾ? ನಮ್ಮಲ್ಲಿ ಬಹಳ ಕಡೆ ನಡೆಯೋ ಪದ್ಧತಿ 90 ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಜಿಮ್, 125 ಮಿ.ಲೀ. ಫಾರ್ಮಲಿನ್ ಕಲಸಿ, 10–12 ಕೆ.ಜಿ. ಒಣಹುಲ್ಲನ್ನು 16–18 ಗಂಟೆ ಮುಳುಗಿಸಿಡೋದು. ಕಾರ್ಬೆಂಡಜಿಮ್ ಸ್ವತಃ ಸಂತಾನಶಕ್ತಿಗೆ ತೊಂದರೆ ಕೊಡೋ ರಾಸಾಯನಿಕ. ಹಾರ್ಮೋನ್ ಕೆಡಿಸೋ ವಸ್ತು ತೆಗೀತೀನಿ ಅಂತ ಹೋಗಿ ಅದನ್ನೇ ಹಿಂಡಿ ನೀರಿಗೆ ಬಿಟ್ಟ ಹಾಗಾಗುತ್ತೆ.

ಹಬೆಯಲ್ಲಿ, ಇಲ್ಲವೇ 65–70 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಹದ ಮಾಡಿದ ಹುಲ್ಲೇ ಬೇಕು.

ಬೆಳ್ಳಿಮೋಡ:
ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಅಲ್ವಾ? ಅಣಬೆನೂ ಶಿಲೀಂಧ್ರವೇ. ಸಾಯಲ್ವಾ?

ಹುಲ್ಲುಮನೆ:
ಆ ಪ್ರಮಾಣದಲ್ಲಿ ಹಸಿರು ಬೂಷ್ಟು ಟ್ರೈಕೋಡರ್ಮಾ ಸಾಯುತ್ತೆ, ಚಿಪ್ಪು ಅಣಬೆ ತಡ್ಕೊಳ್ಳುತ್ತೆ. ಅದಕ್ಕೇ ಆ ಪದ್ಧತಿ ನಡೀತಿರೋದು.

ಇನ್ನೊಂದು. ಮೂರು ಕೊಯ್ಲು ಮುಗಿದು ಹೊರಗೆ ಬಿಸಾಕಿದ ಚೀಲದಲ್ಲಿ ಲಾಕೇಸ್ ಕಡಿಮೆ. ಬಿಳಿ ಎಳೆ ಹುಲ್ಲನ್ನೆಲ್ಲಾ ಹಬ್ಬೋ ಹೊತ್ತಿಗೆ ಕಿಣ್ವ ಏರುತ್ತೆ, ಅಣಬೆ ಮೊಗ್ಗು ಬಿಟ್ಟ ಮೇಲೆ ಇಳಿಯುತ್ತೆ. ಬಿಸಿಲು, ಮಳೆಗೆ ಬಿದ್ದಿದ್ದರೆ ಆಸೆ ಬಿಡಿ. ಮೊದಲ ಕೊಯ್ಲು ಆದ ಚೀಲ ಕೇಳಿ ತಗೊಳ್ಳಿ, ಕೀಳಿದ ದಿನವೇ ಹಿಂಡಿ.

ಪಿಪೆಟ್ಟು:
ತೆಗೆಯೋ ಕ್ರಮ: 100 ಗ್ರಾಂ ಹಸಿ ಹುಲ್ಲು ಪುಡಿ ಮಾಡಿ 500 ಮಿ.ಲೀ. ತಣ್ಣನೆಯ 50 ಮಿಲಿಮೋಲಾರ್ ಅಸಿಟೇಟ್ ಬಫರ್‌ಗೆ (ಪಿಎಚ್ 5) ಹಾಕಿ. ಫ್ರಿಜ್ ತಂಪಿನಲ್ಲೇ ಒಂದು ಗಂಟೆ ಕಲಕುತ್ತಿರಿ. ಮಿಕ್ಸಿಗೆ ಹಾಕಬೇಡಿ, ನೊರೆಯಲ್ಲಿ ಪ್ರೋಟೀನ್ ಕೆಡುತ್ತೆ, ಬಿಸಿನೂ ಆಗುತ್ತೆ. ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, 8000–10,000 ಜಿ ವೇಗದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಸಿಗೋದು ಟೀ ಬಣ್ಣದ ನೀರು. ಆ ಬಣ್ಣವೇ ಮುಂದೆ ತಲೆನೋವು, ಅದರಲ್ಲಿರೋದು ಹುಲ್ಲಿನ ಫಿನಾಲ್‌ಗಳು. ಕಿಣ್ವ ಮೊದಲು ಅವನ್ನೇ ತಿನ್ನುತ್ತೆ.

ಅವನ್ನು ತೆಗೆಯೋಕೆ ಅಮೋನಿಯಂ ಸಲ್ಫೇಟ್ ಶೇ.80ರ ಸ್ಯಾಚುರೇಶನ್‌ವರೆಗೆ ಹಾಕಿ. 0 ಡಿಗ್ರಿಯಲ್ಲಿ 100 ಮಿ.ಲೀ.ಗೆ 51.6 ಗ್ರಾಂ, 25 ಡಿಗ್ರಿಯಲ್ಲಿ 56.1 ಗ್ರಾಂ. ಸ್ವಲ್ಪ ಸ್ವಲ್ಪವೇ ಉದುರಿಸಿ, ಒಂದು ರಾತ್ರಿ ಬಿಟ್ಟು ಸೆಂಟ್ರಿಫ್ಯೂಜ್. ಗಷ್ಟನ್ನು ಕನಿಷ್ಠ ಬಫರ್‌ನಲ್ಲಿ ಕರಗಿಸಿ ಡಯಾಲಿಸಿಸ್ ಮಾಡಿ (ಸಣ್ಣ ರಂಧ್ರದ ಕೊಳವೆಯಲ್ಲಿಟ್ಟು ಉಪ್ಪು, ಸಣ್ಣ ಅಣು ಹೊರಗೆ ಸೋರಿಸೋದು). ಲಾಕೇಸ್ 60–70 ಕಿಲೋಡಾಲ್ಟನ್ ಆಸುಪಾಸು, 12–14 ಕಿಲೋಡಾಲ್ಟನ್ ಕೊಳವೆಯಲ್ಲಿ ಸೋರಲ್ಲ.

ಅಳತೆ: ಒಟ್ಟು 1 ಮಿ.ಲೀ.ನಲ್ಲಿ 0.8 ಮಿ.ಲೀ. 100 ಮಿಲಿಮೋಲಾರ್ ಅಸಿಟೇಟ್ (ಪಿಎಚ್ 4.5), 0.1 ಮಿ.ಲೀ. 5 ಮಿಲಿಮೋಲಾರ್ ಎಬಿಟಿಎಸ್ (ಲಾಕೇಸ್ ತಾಗಿದರೆ ಹಸಿರು-ನೀಲಿ ಆಗೋ ಪರೀಕ್ಷಾ ರಾಸಾಯನಿಕ), 0.1 ಮಿ.ಲೀ. ಕಿಣ್ವ. 420 ನ್ಯಾನೊಮೀಟರ್‌ನಲ್ಲಿ ನಿಮಿಷಕ್ಕೆ ಎಷ್ಟು ಏರುತ್ತೆ ನೋಡಿ, 36ರಿಂದ ಭಾಗಿಸಿ, 10ರಿಂದ ಗುಣಿಸಿ. ನಿಮಿಷಕ್ಕೆ 0.18 ಏರಿದರೆ ಮಿ.ಲೀ.ಗೆ 0.05 ಯೂನಿಟ್, ಅಂದರೆ ಲೀಟರಿಗೆ 50. (ಒಂದು ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ ಎಬಿಟಿಎಸ್ ಬದಲಿಸೋಷ್ಟು ಕಿಣ್ವ.) ರೀಡಿಂಗ್ 1 ದಾಟಿದರೆ ಕಿಣ್ವವನ್ನು ತೆಳು ಮಾಡಿ ಮತ್ತೆ ಓದಿ.

ಬೆಳ್ಳಿಮೋಡ:
ತಾಮ್ರದ ಸಲ್ಫೇಟ್ ಹಾಕಿದ್ರೆ ಅಣಬೆ ಜಾಸ್ತಿ ಲಾಕೇಸ್ ಬಿಡುತ್ತೆ ಅಂತಾರಲ್ಲ?

ಪಿಪೆಟ್ಟು:
ಫ್ಲಾಸ್ಕಿನಲ್ಲಿ ಬೆಳೆಸೋವಾಗ ಹೌದು. ಆದರೆ 0.5 ಮಿಲಿಮೋಲಾರ್ ಅಂದರೆ ಲೀಟರಿಗೆ ಸುಮಾರು 32 ಮಿ.ಗ್ರಾಂ ತಾಮ್ರ. ಹೊರಗೆ ಬಿಡೋ ನೀರಿನ ಮಿತಿ 3 ಮಿ.ಗ್ರಾಂ. ಡಯಾಲಿಸಿಸ್ ಮಾಡದೆ ಅದನ್ನು ನೀರಿಗೆ ಸುರಿದರೆ ಹೊಸ ಮಾಲಿನ್ಯ ತಂದ ಹಾಗೆ.

ಪಂಪ್‌ಹೌಸ್:
ಎಲ್ಲ ಚೆನ್ನಾಗಿದೆ, ಈಗ ಲೆಕ್ಕ ಹಾಕೋಣ. ಲ್ಯಾಬಿನಲ್ಲಿ ಕೆಲವು ಗಂಟೆಯಲ್ಲಿ ಬಿಸ್ಫಿನಾಲ್ ಇಳಿಸೋಕೆ ಲೀಟರಿಗೆ 100ರಿಂದ 1000 ಯೂನಿಟ್ ಹಾಕ್ತಾರೆ. ಕಡಿಮೆ ಇರೋ 100ನ್ನೇ ಹಿಡೀರಿ. ಒಂದು ಲಕ್ಷ ಲೀಟರಿಗೆ ದಿನಕ್ಕೆ ಒಂದು ಕೋಟಿ ಯೂನಿಟ್. ನಿಮ್ಮ ಹುಲ್ಲಿನ ರಸ ಲೀಟರಿಗೆ 500 ಯೂನಿಟ್ ಇದೆ ಅಂದ್ಕೊಂಡರೂ ಒಂದು ಕೆ.ಜಿ. ಹುಲ್ಲಿನಿಂದ 5 ಲೀಟರ್ ರಸ, 2500 ಯೂನಿಟ್. ಅಂದರೆ ದಿನಕ್ಕೆ ನಾಲ್ಕು ಟನ್ ಹುಲ್ಲು ಮತ್ತು 20,000 ಲೀಟರ್ ಕಂದು ರಸ. ಒಂದು ಲಕ್ಷ ಲೀಟರ್ ತಿಳಿನೀರಿಗೆ 20,000 ಲೀಟರ್ ಕಷಾಯ ಬೆರೆಸಿದ್ರೆ ಸಿಒಡಿ (ನೀರಿನ ಒಟ್ಟು ಸಾವಯವ ಹೊರೆ) ಎಲ್ಲಿಗೆ ಹೋಗುತ್ತೆ?

ಮೇಲೆ ಪಿಎಚ್. ಎಸ್‌ಟಿಪಿ ನೀರು 7ರಿಂದ 7.5. ಚಿಪ್ಪು ಅಣಬೆಯ ಲಾಕೇಸ್‌ಗೆ ಫಿನಾಲ್ ಮೇಲೆ ಕೆಲಸ ಮಾಡೋಕೆ 4–5 ಸುತ್ತಮುತ್ತ ಬೇಕು. 7ಕ್ಕೆ ಬಂದರೆ ಹೈಡ್ರಾಕ್ಸೈಡ್ ಹೋಗಿ ತಾಮ್ರಕ್ಕೆ ಕಚ್ಕೊಂಡು ಕಿಣ್ವ ಮಂಕಾಗುತ್ತೆ. ಲಕ್ಷ ಲೀಟರಿಗೆ ದಿನಾ ಆಸಿಡ್ ಹಾಕಿ, ಮತ್ತೆ ಸುಣ್ಣ ಹಾಕಿ ಏರಿಸ್ತೀರಾ?

ಹುಬ್ಬಳ್ಳಿ ಮಂದಿ:
ಲೆಕ್ಕ ಬರೋಬ್ಬರಿ ಐತಿ ಪಂಪ್‌ಹೌಸ್ ಅವರ. ಆದ್ರ ಒಂದ್ ಕೇಳ್ತೀನ್ರಿ: ಲ್ಯಾಬಿನ್ಯಾಗ ಲೀಟರಿಗೆ 10 ಮಿ.ಗ್ರಾಂ ಬಿಸ್ಫಿನಾಲ್ ಹಾಕಿರ್ತಾರ. ಎಸ್‌ಟಿಪಿ ನೀರಾಗ ಅದರ ಸಾವಿರದಾಗ ಒಂದ್ ಪಾಲೂ ಇರೂದಿಲ್ಲ. ಕಿಣ್ವಾನೂ ಸಾವಿರ ಪಾಲು ಕಡಿಮಿ ಸಾಕಲ್ರಿ?

ಪಿಪೆಟ್ಟು:
ಸಾಲಲ್ಲ. ಎಲ್ಲರೂ ಜಾರೋದು ಇಲ್ಲೇ. ಈ ಕಿಣ್ವಕ್ಕೆ ಬಿಸ್ಫಿನಾಲ್, ಎಸ್ಟ್ರಾಡಯಾಲ್ ಮೇಲಿನ ಕೆ-ಎಂ (ಕಿಣ್ವ ಅರ್ಧ ವೇಗಕ್ಕೆ ಬರೋ ಪ್ರಮಾಣ) ಮೈಕ್ರೋಮೋಲಾರ್ ಲೆಕ್ಕದಲ್ಲಿದೆ. ನೀರಿನಲ್ಲಿರೋದು ಅದಕ್ಕಿಂತ ಎಷ್ಟೋ ಕೆಳಗೆ. ಅಷ್ಟು ಕೆಳಗೆ ಇಳಿದ ಮೇಲೆ ವೇಗವು ಮಾಲಿನ್ಯದ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತೆ, ಅರ್ಧದಷ್ಟು ಹೋಗೋಕೆ ಬೇಕಾದ ಸಮಯವನ್ನು ತೀರ್ಮಾನಿಸೋದು ಕಿಣ್ವ ಎಷ್ಟಿದೆ ಅನ್ನೋದು ಮಾತ್ರ. ಮಾಲಿನ್ಯ ಸಾವಿರ ಪಾಲು ಇಳಿದರೂ, ಅದೇ ಎರಡು ಗಂಟೆಯಲ್ಲಿ ಶೇ.90 ತೆಗೆಯಬೇಕು ಅಂದರೆ ಕಿಣ್ವ ಅಷ್ಟೇ ಬೇಕು. ಜೊತೆಗೆ ಅಷ್ಟು ತೆಳುವಿನಲ್ಲಿ ರ‍್ಯಾಡಿಕಲ್‌ಗೆ ಜೋಡಿ ಸಿಗೋದೂ ಕಷ್ಟ, ಕೊಳೆತ ಸಾವಯವ ಅಣುಗಳಿಗೆ ಹೋಗಿ ಅಂಟುತ್ತೆ.

ಒಂದೇ ಸಮಾಧಾನ, ಆಮ್ಲಜನಕದ ಕೊರತೆ ಇಲ್ಲ. ಲೀಟರಿಗೆ 10 ಮಿ.ಗ್ರಾಂ ಬಿಸ್ಫಿನಾಲ್ ಅಂದರೆ 44 ಮೈಕ್ರೋಮೋಲ್. 25 ಡಿಗ್ರಿಯ ನೀರಿನಲ್ಲಿ ಆಮ್ಲಜನಕ ಸುಮಾರು 250 ಮೈಕ್ರೋಮೋಲ್ ಕರಗಿರುತ್ತೆ.

ಹುಬ್ಬಳ್ಳಿ ಮಂದಿ:
ಈಗ ತಿಳೀತ್ರಿ.

ನೀಲಿದಾರ:
ಹುಲ್ಲು ಹಿಂಡೋ ರಗಳೆ ಯಾಕೆ? ಜೀನ್ಸ್ ವಾಷಿಂಗ್‌ಗೆ ಲಾಕೇಸ್ ಪುಡಿ ಮಾರ್ತಾರಲ್ಲ. ಬಳ್ಳಾರಿ ಕಡೆ ಜೀನ್ಸ್ ಘಟಕಗಳಿಗೆ ಬಣ್ಣ ಇಳಿಸೋ ಕೆಮಿಕಲ್ ಸರಬರಾಜು ಮಾಡೋರನ್ನು ಕೇಳಿ.

ಪಿಪೆಟ್ಟು:
ಎಚ್ಚರ. ಕಲ್ಲಿನ ಬದಲು ಹಾಕೋ "ಎಂಜೈಮ್ ವಾಶ್" ಪುಡಿ ಸೆಲ್ಯುಲೇಸ್, ಲಾಕೇಸ್ ಅಲ್ಲ. ಎಬಿಟಿಎಸ್‌ನಲ್ಲಿ ಹಸಿರು-ನೀಲಿ ಬಣ್ಣ ಬರದಿದ್ದರೆ ವಾಪಸ್ ಕೊಡಿ. ಇನ್ನು ಇಂಡಿಗೊ ಬಣ್ಣ ಇಳಿಸೋ ಲಾಕೇಸ್ ಪುಡಿಯಲ್ಲಿ ಹೆಚ್ಚಾಗಿ ಮೀಡಿಯೇಟರ್ (ಕಿಣ್ವಕ್ಕೂ ಗುರಿಗೂ ನಡುವೆ ಎಲೆಕ್ಟ್ರಾನ್ ಸಾಗಿಸೋ ಸಣ್ಣ ಅಣು) ಮತ್ತು ಬಫರ್ ಮೊದಲೇ ಬೆರೆಸಿರ್ತಾರೆ. ಹಾರ್ಮೋನ್ ಫಿನಾಲ್‌ಗಳಿಗೆ ಮೀಡಿಯೇಟರ್ ಬೇಕಿಲ್ಲ, ಮತ್ತೆ ಎಚ್‌ಬಿಟಿಯಂಥವು ಕಿಣ್ವವನ್ನೇ ಕೊಲ್ಲುತ್ತವೆ, ನೀರಿನ ವಿಷವನ್ನೂ ಏರಿಸುತ್ತವೆ. ಮಾರುಕಟ್ಟೆಯ ಲಾಕೇಸ್‌ಗಳಲ್ಲಿ ಮೈಸೀಲಿಯೋಫ್ತೋರಾ ಥರ್ಮೋಫೀಲಾ ಅನ್ನೋ ಶಿಲೀಂಧ್ರದ ವಂಶವಾಹಿಯನ್ನು ಆಸ್ಪರ್ಜಿಲಸ್‌ನಲ್ಲಿ ಬೆಳೆಸಿದ್ದು ಸಿಕ್ಕರೆ ಒಳ್ಳೇದು. ಅದು ತಟಸ್ಥ ಪಿಎಚ್ ಹತ್ತಿರವೂ ಕೆಲಸ ಮಾಡುತ್ತೆ.

ಪಂಪ್‌ಹೌಸ್:
ಅಂದರೂ ಲಕ್ಷ ಲೀಟರಿಗೆ ದಿನಾ ಸುರಿಯೋಕೆ ಆಗಲ್ಲ ಅನ್ನೋದು ಬದಲಾಗಿಲ್ಲ.

ಮಣಿಸರ:
ಸುರಿಯೋದು ಯಾಕೆ, ಕಿಣ್ವವನ್ನು ಮಣಿಗೆ ಕೂರಿಸಿ ಕಾಲಂನಲ್ಲಿ ನೀರು ಹಾಯಿಸಿ. ಶೇ.2 ಕೈಟೋಸಾನ್ (ಸಿಗಡಿ ಚಿಪ್ಪಿನಿಂದ ಮಾಡೋ ಪದಾರ್ಥ) ಅನ್ನು ಶೇ.1 ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಸಿರಿಂಜಿನಿಂದ 1 ಮೋಲಾರ್ ಕಾಸ್ಟಿಕ್ ಸೋಡಾಕ್ಕೆ ಹನಿ ಹನಿಯಾಗಿ ಬಿಟ್ಟರೆ ಮಣಿ ಕಟ್ಟುತ್ತೆ. ಪಿಎಚ್ ತಟಸ್ಥ ಆಗೋವರೆಗೆ ತೊಳೆದು, ಶೇ.1 ಗ್ಲುಟರಾಲ್ಡಿಹೈಡ್‌ನಲ್ಲಿ ಎರಡು ಗಂಟೆ, ಮತ್ತೆ ಚೆನ್ನಾಗಿ ತೊಳೆದು ಕಿಣ್ವದಲ್ಲಿ ಒಂದು ರಾತ್ರಿ 4 ಡಿಗ್ರಿಯಲ್ಲಿ. ಗ್ಲುಟರಾಲ್ಡಿಹೈಡ್ ಜಾಸ್ತಿಯಾದರೆ ಕಿಣ್ವ ಕೂರುತ್ತೆ, ಕೆಲಸ ಮಾಡಲ್ಲ. ತೊಳೆದ ನೀರಿನಲ್ಲೂ ಯೂನಿಟ್ ಅಳೀರಿ, ಇಲ್ಲದಿದ್ದರೆ ಎಷ್ಟು ಕೂತಿದೆ, ಎಷ್ಟು ಸತ್ತಿದೆ ಗೊತ್ತಾಗಲ್ಲ.

ನೀಲಿದಾರ:
ಕಡಲಪಾಚಿಯ ಆಲ್ಜಿನೇಟ್ ಮಣಿ ಇನ್ನೂ ಸುಲಭ ಅಲ್ವಾ? ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿಸಿದ್ರೆ ಆಯ್ತು.

ಮಣಿಸರ:
ಸುಲಭ, ಹಾಗೇ ಕರಗೋದೂ ಸುಲಭ. ಸಿಟ್ರೇಟ್-ಫಾಸ್ಫೇಟ್ ಬಫರ್‌ಗೆ ಹಾಕಿದ್ರೆ ಅವೆರಡೂ ಕ್ಯಾಲ್ಸಿಯಂ ಎಳ್ಕೊಂಡು ಮಣಿ ಲೋಳೆಯಾಗುತ್ತೆ. ಎಸ್‌ಟಿಪಿ ನೀರಲ್ಲೂ ಫಾಸ್ಫೇಟ್ ಇದೆ. ಪ್ರದರ್ಶನಕ್ಕೆ ಸರಿ, ತಿಂಗಳುಗಟ್ಟಲೆ ಓಡಿಸೋಕೆ ಬೇಡ.

ಪಂಪ್‌ಹೌಸ್:
ಕಾಲಂ ಅಂದಮೇಲೆ ಮರಳು ಫಿಲ್ಟರ್ ಆದ ನಂತರ, ಕ್ಲೋರಿನ್‌ಗೆ ಮುಂಚೆ ಇರಬೇಕು. ಉಳಿಕೆ ಕ್ಲೋರಿನ್ ತಾಗಿದರೆ ಕಿಣ್ವ ಮುಗೀತು. ಮರಳಿಗೆ ಮುಂಚೆ ಇಟ್ಟರೆ ಮಣ್ಣು, ಲೋಳೆ ಮೆತ್ಕೊಂಡು ಬ್ಯಾಕ್ಟೀರಿಯಾ ಕೈಟೋಸಾನ್‌ನನ್ನೇ ಊಟ ಮಾಡುತ್ತೆ.

ಕಡಲತಡಿ:
ವಿಷಯಾಂತರ ಮಾರಾಯ್ರೆ, ಆದ್ರೂ ಹೇಳ್ತೇನೆ. ಈ ಲಾಕೇಸ್ ಮೊದಲು ಸಿಕ್ಕಿದ್ದು ಅಣಬೆಯಲ್ಲಿ ಅಲ್ಲ. 1883ರಲ್ಲಿ ಜಪಾನಿನ ಯೋಶಿದಾ ಲ್ಯಾಕರ್ ಮರದ ಹಾಲಿನಲ್ಲಿ ಕಂಡದ್ದು. ಆ ಹಾಲು ಗಟ್ಟಿಯಾಗಿ ಮೆರುಗು ಬರುವುದೇ ಈ ಕಿಣ್ವದಿಂದ. ಆ ಮರ ನಮ್ಮ ಗೇರು, ಮಾವು, ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದ ಕರಿಗೇರಿನ ಕುಟುಂಬದ್ದೇ. ಗೇರೆಣ್ಣೆ ತಾಗಿ ಚರ್ಮ ಸುಟ್ಟವರಿಗೆ ಆ ಫಿನಾಲ್‌ಗಳ ಪರಿಚಯ ಉಂಟು.

ಸೋಸುಬಟ್ಟೆ:
ಇಷ್ಟೆಲ್ಲ ಯಾಕೆ? ಲೀಟರಿಗೆ ಕೆಲವು ನ್ಯಾನೊಗ್ರಾಂ ಇರೋದಕ್ಕೆ ಇಷ್ಟೊಂದು ರಂಪ. ಒಂದು ಲೋಟ ನೀರಲ್ಲಿ ಕಣ್ಣಿಗೆ ಕಾಣದಷ್ಟು.

ಅಳತೆಗೋಲು:
ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೇ ಮೀಸಲಿಟ್ಟ ಕೆರೆಗಳಿವೆ. ಅದರಲ್ಲಿ 260ನೇ ಕೆರೆಗೆ 2001ರಿಂದ 2003ರವರೆಗೆ ಎಥಿನೈಲ್ ಎಸ್ಟ್ರಾಡಯಾಲ್ ಬಿಟ್ಟರು, ಲೀಟರಿಗೆ 5–6 ನ್ಯಾನೊಗ್ರಾಂ ಇರೋ ಹಾಗೆ. ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಸಣ್ಣ ಮೀನಿನ ಗಂಡುಗಳಲ್ಲಿ ಮೊಟ್ಟೆಯ ಪ್ರೋಟೀನ್ ಬಂತು, ಮರಿಗಳು ಹುಟ್ಟೋದು ನಿಂತಿತು, ಆ ಮೀನಿನ ಸಂತತಿ ಆ ಕೆರೆಯಲ್ಲಿ ಹೆಚ್ಚುಕಡಿಮೆ ಅಳಿದೇಹೋಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ಅದು. ನ್ಯಾನೊಗ್ರಾಂ ಅಂತ ತಳ್ಳಿಹಾಕೋಕೆ ಆಗಲ್ಲ.

ನಮ್ಮಲ್ಲೂ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗ್ತಿದೆ, ಎರಡನೇ ಹಂತದವರೆಗೆ ಶುದ್ಧೀಕರಿಸಿದ್ದು. ಎಸ್‌ಟಿಪಿ ನೀರಿನ ಮಾನದಂಡದಲ್ಲಿ ಬಿಒಡಿ, ತೇಲುಕಣ, ಕೋಲಿಫಾರ್ಮ್ ಇವೆ, ಹಾರ್ಮೋನ್ ಇಲ್ಲ.

ಸೋಸುಬಟ್ಟೆ:
ಸರಿ. ಆದರೂ ಕಿಣ್ವ ಬೇಡ, ಸ್ವಿಟ್ಜರ್ಲೆಂಡ್ ಥರ ಓಜೋನ್, ಕಾರ್ಬನ್ ಹಾಕಿ. ಅಲ್ಲಿ 2016ರಿಂದ ಕಾನೂನೇ ಇದೆ.

ಬಾನಾಡಿ:
ಕಿಣ್ವ ಹಿಂಡೋದಕ್ಕಿಂತ ಜೀವಂತ ಶಿಲೀಂಧ್ರವನ್ನೇ ಓಡಿಸೋ ದಾರಿ ಇದೆ. ಬಾರ್ಸಿಲೋನಾ ಸ್ವಾಯತ್ತ ವಿಶ್ವವಿದ್ಯಾಲಯದವರು ಟ್ರಾಮೀಟಿಸ್ ವರ್ಸಿಕಲರ್ ಅನ್ನೋ ಮರ ಕೊಳೆಸುವ ಅಣಬೆಯನ್ನು ಗುಂಡು ಗುಂಡಾಗಿ ಬೆಳೆಸಿ, ಗಾಳಿಯ ಬಡಿತದಲ್ಲಿ ತೇಲಾಡಿಸೋ ರಿಯಾಕ್ಟರಿನಲ್ಲಿ ಆಸ್ಪತ್ರೆಯ ಕೊಳಚೆ ನೀರು ಹಾಯಿಸಿದ್ದಾರೆ. ಲಾಭ ಏನಂದ್ರೆ ಎಳೆಯೊಳಗಿನ ಸೈಟೋಕ್ರೋಮ್ ಪಿ450 ಕಿಣ್ವಗಳು ಫಿನಾಲ್ ಇಲ್ಲದ ಔಷಧಿಗಳನ್ನೂ ಮುಟ್ಟುತ್ತವೆ. ತೊಂದರೆ: ಪಿಎಚ್ 4.5ಕ್ಕೆ ಹಿಡಿದಿಡಬೇಕು, ಗ್ಲೂಕೋಸ್ ಉಣಿಸಬೇಕು, ಆಗಾಗ ಹಳೆ ಗುಂಡು ತೆಗೆದು ಹೊಸದು ಹಾಕಬೇಕು. ಇಲ್ಲವಾದರೆ ಕೊಳಚೆಯ ಬ್ಯಾಕ್ಟೀರಿಯಾ ಮೇಲುಗೈ ಮಾಡುತ್ತೆ.

ಪಂಪ್‌ಹೌಸ್:
ಬಿಒಡಿ ತೆಗೆದ ನೀರಿಗೆ ಮತ್ತೆ ಗ್ಲೂಕೋಸ್! ಆಸ್ಪತ್ರೆಯದ್ದು ಕಡಿಮೆ ನೀರು, ಗಟ್ಟಿ ಮಾಲಿನ್ಯ, ಅಲ್ಲಿ ಒಪ್ತೀನಿ. ಅಪಾರ್ಟ್‌ಮೆಂಟಿಗೆ ಅಲ್ಲ.

ಬೆಳ್ಳಿಮೋಡ:
ಥ್ಯಾಲೇಟ್‌ಗೆ ಏನೂ ಇಲ್ವಾ?

ಬಾನಾಡಿ:
ಇದೆ, ಫ್ಯುಸೇರಿಯಂ ಶಿಲೀಂಧ್ರದ ಕ್ಯೂಟಿನೇಸ್ ಕಿಣ್ವ, ಎಸ್ಟರ್ ಕೊಂಡಿ ಕತ್ತರಿಸುತ್ತೆ. ಆದರೆ ಡಿಇಎಚ್‌ಪಿ ಅನ್ನೋ ಥ್ಯಾಲೇಟಿನ ಒಂದೇ ಕೊಂಡಿ ಕತ್ತರಿಸಿ ನಿಂತರೆ ಸಿಗೋ ಮೊನೊ ಎಸ್ಟರ್‌ನ ಉಪಟಳ ಮೂಲಕ್ಕಿಂತ ಜಾಸ್ತಿ. ಎರಡೂ ಕತ್ತರಿಸಿ ಥ್ಯಾಲಿಕ್ ಆಮ್ಲದವರೆಗೆ ಹೋಗಬೇಕು.

ಟಿಕೆಟ್ ಟಿಕೆಟ್:
ಬಸ್ ಟಿಕೆಟ್, ಎಟಿಎಂ ಚೀಟಿಯ ಥರ್ಮಲ್ ಕಾಗದದಲ್ಲಿ ಬಿಸ್ಫಿನಾಲ್ ಬಂಧವಿಲ್ಲದೆ ಪುಡಿಯಾಗಿಯೇ ಇರುತ್ತೆ, ಬಾಟಲಿಯ ಹಾಗೆ ಪಾಲಿಮರ್ ಒಳಗಲ್ಲ. ಅಣಬೆಗೆ ಹುಲ್ಲಿನ ಜೊತೆ ರದ್ದಿ ಕಾಗದ ಹಾಕೋರು ಅದನ್ನು ಆರಿಸಿ ತೆಗೀಬೇಕು.

ನೀಲಿದಾರ:
ಈಗೆಲ್ಲ "ಬಿಪಿಎ ಫ್ರೀ" ಬಂದಿದೆಯಲ್ಲ?

ಪಿಪೆಟ್ಟು:
ಬಿಪಿಎ (ಬಿಸ್ಫಿನಾಲ್-ಎ) ಬದಲು ಹೆಚ್ಚಾಗಿ ಬಿಪಿಎಸ್ (ಬಿಸ್ಫಿನಾಲ್-ಎಸ್) ಹಾಕಿರ್ತಾರೆ. ಅದರ ನಡುವಿನ ಸಲ್ಫೋನ್ ಗುಂಪು ಎಲೆಕ್ಟ್ರಾನ್ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಲಾಕೇಸ್‌ಗೆ ಬಿಪಿಎಗಿಂತ ಕಷ್ಟದ ಗಿರಾಕಿ.

ಅಳತೆಗೋಲು:
ಕೆರೆಕೋಡಿಯವರು ಲ್ಯಾಬಿನಲ್ಲಿ ಪರೀಕ್ಷಿಸೋದಾದ್ರೆ ಕೆಲವು ಮಾತು.

ಬಿಸ್ಫಿನಾಲ್ ಅನ್ನು ಮೆಥನಾಲ್‌ನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಕರಗಿಸಿಟ್ಟುಕೊಂಡು, ಲೀಟರಿಗೆ 10 ಮಿ.ಗ್ರಾಂ ಬರೋ ಹಾಗೆ ಹಾಕಿ. ಮೆಥನಾಲ್ ಒಟ್ಟು ಶೇ.1 ದಾಟಬಾರದು. ಪಾತ್ರೆ ಗಾಜಿನದೇ ಇರಲಿ, ಪಾಲಿಕಾರ್ಬೊನೇಟ್ ಫ್ಲಾಸ್ಕ್ ತಾನೇ ಬಿಸ್ಫಿನಾಲ್ ಬಿಡುತ್ತೆ. ಮೂರು ಜೋಡಿ ಇಡಿ: ಜೀವಂತ ಕಿಣ್ವ, 15 ನಿಮಿಷ ಕುದಿಸಿದ ಕಿಣ್ವ, ಕಿಣ್ವವೇ ಇಲ್ಲದ್ದು. ಕುದಿಸಿದ್ದರಲ್ಲೂ ಬಿಸ್ಫಿನಾಲ್ ಇಳಿದರೆ ಅದು ಹುಲ್ಲಿನ ಕಣಕ್ಕೆ ಅಂಟಿದ್ದು, ಕಿಣ್ವದ ಕೆಲಸ ಅಲ್ಲ. ಎಚ್‌ಪಿಎಲ್‌ಸಿ ಯಂತ್ರದಲ್ಲಿ (ಅಣುಗಳನ್ನು ಬೇರ್ಪಡಿಸಿ ಅಳೆಯೋದು) ಸಿ18 ಕಾಲಂ, ಅಸಿಟೋನೈಟ್ರೈಲ್ ಮತ್ತು ನೀರು ಅರ್ಧರ್ಧ, 276 ನ್ಯಾನೊಮೀಟರ್.

ಕ್ರಿಯೆ ನಿಲ್ಲಿಸೋಕೆ ಸೋಡಿಯಂ ಅಜೈಡ್ ಹಾಕಿ ಅಂತ ಅನೇಕ ಕಡೆ ಬರೆದಿರ್ತಾರೆ. ಪಿಎಚ್ 4.5ರಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಹೈಡ್ರಾಜೋಯಿಕ್ ಆಮ್ಲವಾಗುತ್ತೆ, ಆವಿಯಾಗಿ ಮೂಗಿಗೆ ಬರೋ ವಿಷ. ಸಿಂಕಿಗೆ ಸುರಿದರೆ ಸೀಸ, ತಾಮ್ರದ ಪೈಪಿನಲ್ಲಿ ಸಿಡಿಯೋ ಲವಣ ಕಟ್ಟುತ್ತೆ. ಅದರ ಬದಲು ಮಾದರಿಗೆ ಸಮಪ್ರಮಾಣ ತಣ್ಣನೆ ಅಸಿಟೋನೈಟ್ರೈಲ್ ಬೆರೆಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನದ್ದು ಓದಿ.

ಬಿಸ್ಫಿನಾಲ್ ಗೆರೆ ಮಾಯವಾದರೆ ಕೆಲಸ ಮುಗೀತು ಅಂದ್ಕೋಬೇಡಿ. ಮಾನವ ಎಸ್ಟ್ರೋಜನ್ ಗ್ರಾಹಕ ಸೇರಿಸಿದ ಯೀಸ್ಟ್ ಪರೀಕ್ಷೆ ಮಾಡಿಸಿ. ಹಾರ್ಮೋನ್ ಚಟುವಟಿಕೆ ಇದ್ದರೆ ಹಳದಿ ಬಣ್ಣ ಕೆಂಪಾಗುತ್ತೆ, 540ರಲ್ಲಿ ಓದ್ತಾರೆ. 620ರಲ್ಲಿ ಯೀಸ್ಟ್ ಬೆಳೆದಿದೆಯಾ ಅಂತಲೂ ನೋಡಿ. ಯೀಸ್ಟ್ ಸತ್ತು ಬಣ್ಣ ಬರದಿದ್ದರೆ ಅದು ಶುದ್ಧ ನೀರಿನ ಲಕ್ಷಣ ಅಲ್ಲ.

ಪಂಪ್‌ಹೌಸ್:
ಪರೀಕ್ಷೆ ಮಾಡಿ, ಬೇಡ ಅನ್ನಲ್ಲ. ಆದರೆ ಅದಕ್ಕೆ ಮುಂಚೆ ಎಸ್‌ಟಿಪಿಯಲ್ಲೇ ಎರಡು ಕೆಲಸ. ಸ್ಲಡ್ಜ್ ವಯಸ್ಸು (ಬ್ಯಾಕ್ಟೀರಿಯಾ ಕೆಸರು ಟ್ಯಾಂಕಿನಲ್ಲಿ ಉಳಿಯೋ ಕಾಲ) 10 ದಿನದ ಮೇಲಿರಲಿ, ನೈಟ್ರಿಫಿಕೇಶನ್ (ಅಮೋನಿಯಾ ನೈಟ್ರೇಟ್ ಆಗೋದು) ಸರಿಯಾಗಿ ಆಗಲಿ. ಎಸ್ಟ್ರಾಡಯಾಲ್, ಬಿಸ್ಫಿನಾಲ್ ಬಹುಪಾಲು ಅಲ್ಲೇ ಹೋಗುತ್ತೆ, ಹಟ ಮಾಡೋದು ಎಥಿನೈಲ್ ಎಸ್ಟ್ರಾಡಯಾಲ್. ಎರಡನೇದು, ನಿಮ್ಮ ಕಾರ್ಬನ್ ಫಿಲ್ಟರ್. ಇದ್ದಿಲನ್ನು ಬದಲಾಯಿಸಿ ಎಷ್ಟು ವರ್ಷ ಆಯ್ತು ಕೇಳಿ. ಅಯೋಡಿನ್ ನಂಬರ್ (ಇದ್ದಿಲಿನ ಹೀರೋ ಶಕ್ತಿಯ ಅಳತೆ) 900ಕ್ಕೆ ಕಡಿಮೆ ಇರದ ಇದ್ದಿಲು ಹಾಕಿ, ನೀರು ಅದರಲ್ಲಿ 10–15 ನಿಮಿಷ ನಿಲ್ಲೋ ಹಾಗೆ ಹರಿವು ಇಳಿಸಿ.

ಬಾನಾಡಿ:
ಒಂದು ಸೇರಿಸಿ. ಮೂತ್ರದಲ್ಲಿ ಈ ಹಾರ್ಮೋನ್‌ಗಳು ಗ್ಲುಕುರೊನೈಡ್, ಸಲ್ಫೇಟ್ ಜೊತೆ ಬಂಧವಾಗಿ ಬರ್ತವೆ. ಬಂಧ ಮೂರನೇ ಸ್ಥಾನದಲ್ಲಿದ್ದರೆ ಫಿನಾಲ್ ಮುಚ್ಚಿರುತ್ತೆ, ಲಾಕೇಸ್‌ಗೆ ಸಿಗಲ್ಲ. ಏರೇಶನ್ ಟ್ಯಾಂಕಿನ ಬ್ಯಾಕ್ಟೀರಿಯಾ ಬಿಡಿಸಿದ ಮೇಲೇ ಸಿಗೋದು. ಹಾಗಾಗಿ ಕಿಣ್ವ ಇಡೋದಾದರೂ ಕೊನೆಯಲ್ಲೇ.

ಕೆರೆಕೋಡಿ:
ಎಲ್ಲರಿಗೂ ಥ್ಯಾಂಕ್ಸ್. ಇದ್ದಿಲು ಮೊದಲು, ಲಾಕೇಸ್ ಕಾಲಂ ಲ್ಯಾಬಿಗೆ ಮಾತ್ರ ಅಂತ ಇಟ್ಕೊಳ್ತೀನಿ. ಇದ್ದಿಲು ಹಾಕೋ ಮುಂಚೆ ಮತ್ತು ಆಮೇಲೆ ನೀರು ಟೆಸ್ಟ್ ಮಾಡಿಸಬೇಕು. ಮಿನರಲ್ ವಾಟರ್ ಬಾಟಲಿಯಲ್ಲಿ ಹಿಡಿದು ಕಳಿಸಿದ್ರೆ ಆಗುತ್ತಾ?

ಅಳತೆಗೋಲು:
ಬೇಡವೇ ಬೇಡ. ಕಂದು ಗಾಜಿನ ಬಾಟಲಿ, ಮೆಥನಾಲ್‌ನಲ್ಲಿ ಗಲಬರಿಸಿ ಒಣಗಿಸಿದ್ದು. ಒಂದು ಹೊತ್ತಿನ ನೀರು ಸಾಲದು, ಬೆಳಗಿನ ಸ್ನಾನದ ಹೊತ್ತಿಗೂ ಮಧ್ಯರಾತ್ರಿಗೂ ತುಂಬಾ ವ್ಯತ್ಯಾಸ. 24 ಗಂಟೆ, ಗಂಟೆಗೊಮ್ಮೆ ಸಮ ಅಳತೆ ಹಿಡಿದು ಕೂಡಿಸಿ. ಮಾದರಿ ಕ್ಲೋರಿನ್ ಆದ ಮೇಲಿನದ್ದಾದರೆ ಬಾಟಲಿಯಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರಿ. ಇಲ್ಲವಾದರೆ ದಾರಿಯಲ್ಲೇ ಕ್ಲೋರಿನ್ ಬಿಸ್ಫಿನಾಲ್, ಎಸ್ಟ್ರಾಡಯಾಲ್ ಜೊತೆ ಕೂಡಿ ಮೂಲ ರೂಪ ಕಾಣಲ್ಲ, ರಿಪೋರ್ಟ್ ಚೆನ್ನಾಗಿ ಬರುತ್ತೆ, ಸುಳ್ಳಾಗಿ. ಐಸ್ ಪೆಟ್ಟಿಗೆಯಲ್ಲಿ ಕಳಿಸಿ, 0.7 ಮೈಕ್ರಾನ್ ಗ್ಲಾಸ್ ಫೈಬರ್‌ನಲ್ಲಿ ಸೋಸಿ 48 ಗಂಟೆಯೊಳಗೆ ಈ ವಸ್ತುಗಳನ್ನು ಹಿಡಿದಿಡೋ ಕಾರ್ಟ್ರಿಡ್ಜಿಗೆ ಏರಿಸೋಕೆ ಹೇಳಿ. ಲ್ಯಾಬಿನವರನ್ನು ಮೊದಲೇ ಕೇಳಿ: ಎಥಿನೈಲ್ ಎಸ್ಟ್ರಾಡಯಾಲ್ ಅನ್ನು ಲೀಟರಿಗೆ 1 ನ್ಯಾನೊಗ್ರಾಂ ಕೆಳಗೆ ಕಾಣೋ ಎಲ್‌ಸಿ-ಎಂಎಸ್-ಎಂಎಸ್ ಯಂತ್ರ ಇದೆಯಾ ಅಂತ. "ಪತ್ತೆಯಾಗಿಲ್ಲ" ಅಂತ ಬರೆದುಕೊಟ್ಟರೆ ಪತ್ತೆ ಮಿತಿ ಎಷ್ಟು ಅಂತ ಅದೇ ಹಾಳೆಯಲ್ಲಿ ಬರೆಸ್ಕೊಳ್ಳಿ.